ನೆಲಗಡಲೆಗೆ ‘ಸರಿಯಾದ’ ಸ್ಪಾನಿಷ್ ಪದ ಯಾವುದು ಮಾಷ್ಟ್ರೇ?

ಮೊನ್ನೆ ರಾತ್ರಿ ಊಟ ಮುಗಿಸಿ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತಿದ್ದೆ. ವಾಟ್ಸಾಪಿನಲ್ಲಿ ಒಂದು ಕರೆ ಬಂತು. ನಮ್ಮ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತ ಹುಡುಗ. ಮತ್ತೆ ಮಂಗಳೂರಿಗೆ ಹೋಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ, ಈಗ ಪ್ರವಾಸಿ ಹಡಗೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾನೆ. ಕ್ಷೇಮ ಸಮಾಚಾರ ಆಯಿತು. ಆಮೇಲೆ ವಿಷಯಕ್ಕೆ ಬಂದ.

“ಮಾಷ್ಟ್ರೇ, ಒಂದು ಡೌಟು. ಪೀನಟ್‌ಗೆ ಸ್ಪಾನಿಷ್‌ನಲ್ಲಿ ಎಂತ ಹೇಳುದು?”

“ನಾನು ಕನ್ನಡ ಮಾಷ್ಟ್ರು ಮಾರಾಯ. ನನ್ನತ್ರ ಸ್ಪಾನಿಷ್ ಕೇಳ್ತೀಯಲ್ಲ!”

“ನಿಮಗೆ ಡಿಕ್ಷನರಿಯ ಮರ್ಲು ಉಂಟಲ್ಲ, ಹಾಗೆ ಕೇಳಿದ್ದು. ಇಲ್ಲಿ ಮೆಕ್ಸಿಕೋದವನು ಒಂದು ಹೇಳ್ತಾನೆ, ಅರ್ಜೆಂಟೀನಾದವನು ಇನ್ನೊಂದು ಹೇಳ್ತಾನೆ, ಮೊಬೈಲಿನಲ್ಲಿ ಮೂರನೆಯದ್ದು ಬರ್ತದೆ. ನನಗೆ ಬೋರ್ಡಿನಲ್ಲಿ ಬರೆಯಲಿಕ್ಕುಂಟು. ಸರಿಯಾದ್ದು ಒಂದೇ ಹೇಳಿ ಮಾಷ್ಟ್ರೇ.”

ಸರಿಯಾದ್ದು ಒಂದೇ! ಆ ಮಾತು ಕೇಳಿ ಮೊದಲು ನಗು ಬಂತು, ಮತ್ತೆ ಹೊಟ್ಟೆಯೊಳಗೆ ಸ್ವಲ್ಪ ಚುರುಕ್ ಎಂದಿತು. ಒಂದು ಇಂಗ್ಲಿಷ್ ಪದಕ್ಕೆ ಇನ್ನೊಂದು ಭಾಷೆಯಲ್ಲಿ ಸರಿಯಾದ ಪದ ಒಂದೇ ಇರಬೇಕು, ಉಳಿದದ್ದೆಲ್ಲ ತಪ್ಪು ಅಂತ ಅವನಿಗೆ ಕಲಿಸಿದವರು ಯಾರು? ನಾವೇ, ಅಂದರೆ ಮಾಷ್ಟ್ರುಗಳು, ಟೀಚರುಗಳು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅರ್ಥ, ನಡುವೆ ಒಂದು ಗೆರೆ. ಹತ್ತು ಪದಕ್ಕೆ ಹತ್ತು ಅಂಕ. ಹೀಗೆ ವರ್ಷಾನುಗಟ್ಟಲೆ ಮಕ್ಕಳ ತಲೆಗೆ ತುಂಬಿದ್ದೇವೆ. ಈ ಪಟ್ಟಿಯ ವಿರುದ್ಧ ಇವತ್ತು ನನಗೆ ಸ್ವಲ್ಪ ಜಗಳ ಮಾಡಲಿಕ್ಕುಂಟು. ಓದುಗರು ಸಹಿಸಿಕೊಳ್ಳಬೇಕು.

ಮೊದಲು ಹುಡುಗನ ಪ್ರಶ್ನೆಗೇ ಉತ್ತರ ನೋಡೋಣ.

ಮೆಕ್ಸಿಕೋದಲ್ಲಿ ನೆಲಗಡಲೆಗೆ ‘ಕಕವಾತೆ’ ಅನ್ನುತ್ತಾರೆ. ಸ್ಪೇನ್‌ನಲ್ಲಿ ಅದೇ ಪದ ಸ್ವಲ್ಪ ಬದಲಾಗಿ ‘ಕಕವೇತೆ’. ಅರ್ಜೆಂಟೀನಾ, ಚಿಲಿ, ಪೆರು, ಕೊಲಂಬಿಯಾ, ವೆನೆಜುವೆಲಾ, ಕ್ಯೂಬಾ, ಹೀಗೆ ಅಮೆರಿಕ ಖಂಡದ ಬಹುಪಾಲು ಸ್ಪಾನಿಷ್ ನಾಡುಗಳಲ್ಲಿ ‘ಮನೀ’. ಒತ್ತು ಕೊನೆಯ ‘ನೀ’ ಮೇಲೆ. ಕ್ಯೂಬಾದ ಮೊಯಿಸೆಸ್ ಸಿಮೊನ್ಸ್ ಎಂಬವರು ಕಟ್ಟಿದ, ಜಗತ್ತೆಲ್ಲ ಕೇಳಿದ ಹಾಡಿನ ಹೆಸರು ‘ಎಲ್ ಮನಿಸೆರೊ’. ಅಂದರೆ ನೆಲಗಡಲೆ ಮಾರುವವನು. ಇನ್ನೂ ಒಂದು ತಮಾಷೆ ಉಂಟು. ಸ್ಪೇನ್ ದೇಶಕ್ಕೇ ಸೇರಿದ ಕ್ಯಾನರಿ ದ್ವೀಪಗಳ ಜನ ರಾಜಧಾನಿಯ ಮಾತನ್ನು ಬಿಟ್ಟು ಸಮುದ್ರದಾಚೆಯವರ ಹಾಗೆ ‘ಮನೀ’ ಅನ್ನುತ್ತಾರೆ. ಆಡಳಿತ ಒಂದು ಕಡೆ, ಮಾತಿನ ನೆಂಟಸ್ತಿಕೆ ಇನ್ನೊಂದು ಕಡೆ! ನಮಗೆ, ಅಂದರೆ 1956ರ ನವೆಂಬರ್ 1ರಿಂದ ಕೇರಳದಲ್ಲಿದ್ದುಕೊಂಡು ಕನ್ನಡ ಕಲಿಸುವವರಿಗೆ, ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಪದಗಳು ಎಲ್ಲಿಂದ ಬಂದವು ಅಂತ ನೋಡಿದರೆ ‘ಸರಿಯಾದ್ದು ಒಂದೇ’ ಎಂಬ ವಾದ ಅಲ್ಲಿಗೇ ಮುಗಿಯುತ್ತದೆ. ನೆಲಗಡಲೆ ದಕ್ಷಿಣ ಅಮೆರಿಕದ ಗಿಡ. ಕೊಲಂಬಸ್ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲೇ ಅಲ್ಲಿಯ ಜನ ಅದನ್ನು ಬೆಳೆಸಿ ತಿನ್ನುತ್ತಿದ್ದರು. 1987ರಲ್ಲಿ ಪೆರುವಿನ ಸಿಪಾನ್ ಎಂಬಲ್ಲಿ ಪ್ರಾಚೀನ ದೊರೆಯೊಬ್ಬನ ಸಮಾಧಿ ಸಿಕ್ಕಿತು. ಅದರಲ್ಲಿ ಚಿನ್ನ ಮತ್ತು ಬೆಳ್ಳಿಯಲ್ಲಿ ಮಾಡಿದ ನೆಲಗಡಲೆಗಳ ಹಾರವೇ ಇತ್ತು. ಆದರೆ ಸ್ಪೇನ್‌ನವರು ಹಡಗಿನಲ್ಲಿ ಬಂದು ಮೊದಲು ಇಳಿದದ್ದು ಪೆರುವಿನಲ್ಲಿ ಅಲ್ಲ, ಕೆರಿಬಿಯನ್ ದ್ವೀಪಗಳಲ್ಲಿ. ಅಲ್ಲಿಯ ತಾಯಿನೊ ಜನ ಇದನ್ನು ‘ಮನೀ’ ಎನ್ನುತ್ತಿದ್ದರು. ಬಂದವರು ಆ ಪದವನ್ನೇ ಕಲಿತು, ಮುಂದೆ ದಕ್ಷಿಣಕ್ಕೆ ಹೋದಾಗ ಅದನ್ನೂ ಹೊತ್ತುಕೊಂಡು ಹೋದರು. ಮೆಕ್ಸಿಕೋದಲ್ಲಿ ನಾವಾತ್ಲ್ ಭಾಷೆಯವರು ಇದಕ್ಕೆ ಕೊಟ್ಟ ಹೆಸರೇ ಬೇರೆ: ‘ತ್ಲಾಲ್‌ಕಕಾವಾತ್ಲ್’. ತ್ಲಾಲ್ಲಿ ಅಂದರೆ ನೆಲ, ಕಕಾವಾತ್ಲ್ ಅಂದರೆ ಕೊಕ್ಕೋ ಬೀಜ. ನೆಲದ ಕೊಕ್ಕೋ! ಸ್ಪಾನಿಷ್ ನಾಲಿಗೆಯಲ್ಲಿ ಅದರ ಮುಂದಿನ ‘ನೆಲ’ ಉದುರಿ ಕಕವಾತೆ ಆಯಿತು, ಸ್ಪೇನ್‌ಗೆ ತಲುಪುವಾಗ ಕಕವೇತೆ ಆಯಿತು.

ಈಗ ಹೇಳಿ, ಇದರಲ್ಲಿ ‘ಶುದ್ಧ ಸ್ಪಾನಿಷ್’ ಯಾವುದು? ಎರಡೂ ಸಾಲ ತಂದದ್ದೇ. ಸ್ಪೇನ್‌ನವರು ಸರಿ ಎನ್ನುವ ಕಕವೇತೆಯೂ ಮೆಕ್ಸಿಕೋದಿಂದ ಹೋದದ್ದೇ. ಹಾಗಿರುವಾಗ ಯಾರು ಯಾರನ್ನು ತಿದ್ದುವುದು?

ಇಷ್ಟಕ್ಕೇ ಕೆಲವರು ಒಂದು ಹಾರು ಹಾರುತ್ತಾರೆ. “ಹಾಗಾದರೆ ಎಲ್ಲವೂ ಸರಿ, ಯಾವುದು ಬೇಕಾದರೂ ಹೇಳಬಹುದು, ಅರ್ಥ ಆದರೆ ಸಾಕು.” ಇದು ಎರಡನೆಯ ಸೋಮಾರಿತನ. ಮೊದಲನೆಯದಕ್ಕಿಂತ ಇದು ಅಪಾಯ. ಅರ್ಥ ಆಗದಿದ್ದರೆ ಏನು ಮಾಡುತ್ತೀರಿ ಸ್ವಾಮಿ?

ಹುಡುಗ ಬೋರ್ಡಿನಲ್ಲಿ ಬರೆಯಲು ಹೊರಟದ್ದು ಅಲಂಕಾರಕ್ಕಲ್ಲ. ನೆಲಗಡಲೆ ಕೆಲವರಿಗೆ ಅಲರ್ಜಿ. ಮೈ ತುರಿಸಿ ಬಿಡುವ ಅಲರ್ಜಿ ಮಾತ್ರ ಅಲ್ಲ, ಗಂಟಲು ಊದಿ ಉಸಿರು ನಿಂತು ಜೀವವೇ ಹೋಗಬಹುದಾದ ಅಲರ್ಜಿ. ಅದಕ್ಕಾಗಿಯೇ ಯುರೋಪಿಯನ್ ಒಕ್ಕೂಟದ 2011ರ 1169ನೇ ನಿಯಮ 14 ಬಗೆಯ ಪದಾರ್ಥಗಳನ್ನು ಹೆಸರಿಸಿ, ಅವು ಆಹಾರದಲ್ಲಿದ್ದರೆ ತಿಳಿಸಲೇಬೇಕು ಎನ್ನುತ್ತದೆ. ಆ ಪಟ್ಟಿಯಲ್ಲಿ ನೆಲಗಡಲೆ ಉಂಟು. ನಿಯಮದ ಸ್ಪಾನಿಷ್ ಪಠ್ಯದಲ್ಲಿರುವ ಪದ ಸ್ಪೇನ್‌ನವರ ಕಕವೇತೆ. ಅರ್ಜೆಂಟೀನಾದ ಪೊಟ್ಟಣದ ಮೇಲೆ ಬರೆಯುವುದು ಮನೀ, ಮೆಕ್ಸಿಕೋದ ಪೊಟ್ಟಣದ ಮೇಲೆ ಕಕವಾತೆ. ಮೂರರಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದೇ ಪದ ಗೊತ್ತಿರುವ ಅಡುಗೆಯವನ ಕೈಗೆ ಇನ್ನೊಂದು ಪೊಟ್ಟಣ ಸಿಕ್ಕಿದರೆ? ‘ನಿಘಂಟಿನ ಪ್ರಕಾರ ನಾನು ಸರಿ’ ಎಂದು ಹೇಳಿ ಯಾರ ಉಸಿರನ್ನೂ ವಾಪಸು ತರಲಿಕ್ಕಾಗುವುದಿಲ್ಲ.

ಇದಕ್ಕಿಂತಲೂ ಮೋಸದ ಪದಗಳುಂಟು. ಎರಡು ಊರಿನಲ್ಲಿ ಎರಡು ಹೆಸರಿದ್ದರೆ ಗೊತ್ತಿಲ್ಲದವನು ಕೇಳಿಯಾನು. ಹೆಸರು ಒಂದೇ ಇದ್ದು ವಸ್ತು ಬೇರೆಯಾದರೆ? ಕೇಳುವ ಯೋಚನೆಯೇ ಬರುವುದಿಲ್ಲ.

‘ಮಾಸಪಾನ್’ ಅಂತ ಒಂದು ಸಿಹಿತಿಂಡಿ. ಸ್ಪೇನ್‌ನಲ್ಲಿ ಅದನ್ನು ಬಾದಾಮಿಯಿಂದ ಮಾಡುತ್ತಾರೆ. ತೊಲೇದೊ ಎಂಬ ಊರಿನ ಮಾಸಪಾನ್ ಪ್ರಸಿದ್ಧ. ಮೆಕ್ಸಿಕೋದಲ್ಲಿ ಮಾಸಪಾನ್ ಅಂದರೆ ಸಾಮಾನ್ಯವಾಗಿ ನೆಲಗಡಲೆ ಪುಡಿ ಮತ್ತು ಸಕ್ಕರೆಯ ಬಿಲ್ಲೆ. ಬಾದಾಮಿ ತಿಂದು ಅಭ್ಯಾಸ ಇರುವ, ನೆಲಗಡಲೆ ಆಗದ ಒಬ್ಬ ಹೆಸರು ಕೇಳಿ ಧೈರ್ಯದಿಂದ ಬಾಯಿಗೆ ಹಾಕಿಕೊಂಡರೆ ಕಥೆ ಮುಗಿಯಿತು.

ಇನ್ನೊಂದು, ಸಸ್ಯಾಹಾರಿಗಳು ಕಿವಿ ನೆಟ್ಟಗೆ ಮಾಡಿ ಕೇಳಬೇಕಾದ್ದು. ಬೆಣ್ಣೆ! ಇಷ್ಟು ಸಣ್ಣ, ಇಷ್ಟು ಸಾದಾ ಪದ. ಸ್ಪೇನ್, ಮೆಕ್ಸಿಕೋ ಮುಂತಾದ ಕಡೆ ಬೆಣ್ಣೆಗೆ ‘ಮಾಂತೆಕೀಯಾ’. ಅಲ್ಲಿ ಬರೀ ‘ಮಾಂತೇಕಾ’ ಅಂದರೆ ಸಾಮಾನ್ಯವಾಗಿ ಹಂದಿಯ ಕೊಬ್ಬು. ಆದರೆ ಅರ್ಜೆಂಟೀನಾ, ಉರುಗ್ವೆ ಕಡೆ ‘ಮಾಂತೇಕಾ’ ಎಂದರೇ ಬೆಣ್ಣೆ. ಬ್ಯೂನಸ್ ಐರಿಸ್‌ನಲ್ಲಿ ಕಲಿತ ಪದವನ್ನು ಮೆಕ್ಸಿಕೋದಲ್ಲಿ ಹೇಳಿ ರೊಟ್ಟಿ ತರಿಸಿಕೊಂಡವನ ಗತಿ ಊಹಿಸಿ! ನೆಲಗಡಲೆಯ ಬೆಣ್ಣೆ, ಅಂದರೆ ನಮ್ಮ ಮಕ್ಕಳೂ ಈಗ ತಿನ್ನುವ ಪೀನಟ್ ಬಟರ್, ಅರ್ಜೆಂಟೀನಾದಲ್ಲಿ ‘ಮಾಂತೇಕಾ ದೆ ಮನೀ’. ಮೆಕ್ಸಿಕೋದಲ್ಲಿ ‘ಕ್ರೇಮಾ ದೆ ಕಕವಾತೆ’. ಎರಡು ಹೆಸರಿನಲ್ಲಿ ಸಮಾನವಾಗಿ ಉಳಿದದ್ದು ನಡುವಿನ ‘ದೆ’ ಒಂದೇ.

ನಮ್ಮ ಊರಿನ ಬೆಳೆಯನ್ನೂ ಹೇಳದೆ ಬಿಟ್ಟರೆ ಹೇಗೆ? ಗೇರುಬೀಜ. ಸ್ಪೇನ್‌ನಲ್ಲಿ ‘ಅನಾಕಾರ್ದೊ’, ಕೊಲಂಬಿಯಾ ಕಡೆ ‘ಮರಞ್ಞೋನ್’, ವೆನೆಜುವೆಲಾದಲ್ಲಿ ‘ಮೆರೆಯ್’, ಅರ್ಜೆಂಟೀನಾದಲ್ಲಿ ‘ಕಸ್ತಾಞ್ಞಾ ದೆ ಕಜು’ ಎಂದು ಬರೆಯುತ್ತಾರೆ. ಮೆಕ್ಸಿಕೋದವರು ಏನೆನ್ನುತ್ತಾರೆ ಗೊತ್ತುಂಟಾ? ‘ನುವೆಸ್ ದೆ ಲಾ ಇಂದಿಯಾ’, ಅಂದರೆ ಇಂಡಿಯಾದ ಬೀಜ! ಗೇರು ಹುಟ್ಟಿದ್ದು ಬ್ರೆಜಿಲ್ ಕಡೆ, ಅವರಿಗೇ ಹತ್ತಿರ. ಅಲ್ಲಿಂದ ಪೋರ್ಚುಗೀಸರು ನಮ್ಮ ಕರಾವಳಿಗೆ ತಂದದ್ದು. ಈಗ ನೆರೆಯವನ ಬೀಜಕ್ಕೆ ನಮ್ಮ ಹೆಸರು. ತರ್ಕ ಹುಡುಕಿದರೆ ಸಿಗುವುದಿಲ್ಲ. ಆದರೆ ಮೆಕ್ಸಿಕೋದ ಅಂಗಡಿಯಲ್ಲಿ ಅನಾಕಾರ್ದೊ ಅನ್ನುವುದಕ್ಕಿಂತ ಹಾಗೆ ಹೇಳಿದರೆ ಬೀಜ ಬೇಗ ಸಿಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಊರಿನಿಂದ ಊರಿಗೆ ಪದ ಬದಲಾಗುವ ಕಥೆ. ಇನ್ನೊಂದು ಬಗೆಯ ಆಯ್ಕೆ ಉಂಟು. ಅದು ಊರಿನದ್ದಲ್ಲ, ಅರ್ಥದ್ದು.

‘ಫಿಶ್’ ಎಂಬ ಇಂಗ್ಲಿಷ್ ಪದ ತೆಗೆದುಕೊಳ್ಳಿ. ಕನ್ನಡದಲ್ಲಿ ಮೀನು, ಮುಗಿಯಿತು. ಸ್ಪಾನಿಷ್‌ನಲ್ಲಿ ನೀರಿನಲ್ಲಿ ಈಜುತ್ತಿರುವಾಗ ಅದು ‘ಪೆಸ್’. ಹಿಡಿದು ಬುಟ್ಟಿಗೆ ಹಾಕಿದ ಮೇಲೆ, ಮಾರುಕಟ್ಟೆಯಲ್ಲಿ, ಬಟ್ಟಲಿನಲ್ಲಿ ಅದು ‘ಪೆಸ್ಕಾದೊ’. ಪೆಸ್ಕಾದೊ ಪದದ ಅರ್ಥವೇ ‘ಹಿಡಿದದ್ದು’. ಆಡುಮಾತಿನಲ್ಲಿ ಕೆಲವು ಕಡೆ ಈ ಗೆರೆ ಮಸುಕಾಗುವುದುಂಟು. ಆದರೂ ಹೋಟೆಲಿನಲ್ಲಿ ‘ಒಂದು ಪೆಸ್ ಕೊಡಿ’ ಎಂದರೆ ಜೀವ ಇರುವ ಮೀನನ್ನೇ ಕೇಳಿದ ಹಾಗೆ ಕೇಳುತ್ತದೆ.

ಈಗ ತಿರುಗಿಸಿ ನೋಡೋಣ. ಒಬ್ಬ ಸ್ಪಾನಿಷ್ ಹುಡುಗಿ ಕನ್ನಡ ಕಲಿಯಲು ನಮ್ಮ ಶಾಲೆಗೆ ಬಂದಳು ಎಂದಿಟ್ಟುಕೊಳ್ಳಿ. ಅವಳಿಗೆ ಗೊತ್ತಿರುವುದು ‘ಅರ್ರೋಸ್’. ಗದ್ದೆಯಲ್ಲಿದ್ದರೂ ಅರ್ರೋಸ್, ಗೋಣಿಯಲ್ಲಿದ್ದರೂ ಅರ್ರೋಸ್, ಬಟ್ಟಲಿನಲ್ಲಿದ್ದರೂ ಅರ್ರೋಸ್. ‘ಅರ್ರೋಸ್‌ಗೆ ಸರಿಯಾದ ಕನ್ನಡ ಪದ ಒಂದೇ ಹೇಳಿ ಮಾಷ್ಟ್ರೇ’ ಎಂದು ಅವಳು ಕೇಳಿದರೆ ನಾನೇನು ಹೇಳಲಿ? ಭತ್ತ ಎನ್ನಲೇ, ಅಕ್ಕಿ ಎನ್ನಲೇ, ಅನ್ನ ಎನ್ನಲೇ? ಅಕ್ಕಿ ಎಂದರೆ ಕುಚ್ಚಿಲೋ ಬೆಳ್ತಿಗೆಯೋ ಎಂದು ನಮ್ಮ ಅಂಗಡಿಯವರು ಮತ್ತೆ ಕೇಳುತ್ತಾರೆ. ನಮ್ಮ ನಾಲ್ಕು ವರ್ಷದ ಮಗುವೂ ‘ಅಮ್ಮ, ಅಕ್ಕಿ ಬಡಿಸು’ ಅನ್ನುವುದಿಲ್ಲ. ಆ ಮಗುವಿನ ಜ್ಞಾನ ಯಾವ ಪಟ್ಟಿಯಲ್ಲೂ ಇಲ್ಲ. ಅದು ಅಡುಗೆಮನೆಯಲ್ಲಿ ಕಲಿತದ್ದು.

ಹಾಗಾದರೆ ಪಟ್ಟಿಯ ದೋಷ ಎಲ್ಲಿ? ಇಂಗ್ಲಿಷ್ ಲೋಕವನ್ನು ಹೇಗೆ ತುಂಡು ಮಾಡಿದೆಯೋ ಹಾಗೆಯೇ ಎಲ್ಲ ಭಾಷೆಗಳೂ ಮಾಡಿವೆ ಎಂದು ಅದು ಒಪ್ಪಿಕೊಂಡು ಬಿಡುತ್ತದೆ. ಇಂಗ್ಲಿಷ್ ಸೇರೂ ಅಲ್ಲ, ಪಾವೂ ಅಲ್ಲ. ಅದರಲ್ಲಿ ಸ್ಪಾನಿಷನ್ನೂ ಕನ್ನಡವನ್ನೂ ಅಳೆಯುವುದು ಯಾಕೆ? ಈಗಂತೂ ಮೊಬೈಲಿನಲ್ಲಿ ಒಂದು ಪದ ಒತ್ತಿದರೆ ಒಂದು ಪದ ಬೀಳುತ್ತದೆ. ಯಾವ ಊರಿನದ್ದು, ಯಾರು ಹೇಳುವುದು, ಹಸಿಯದ್ದೋ ಬೇಯಿಸಿದ್ದೋ ಅಂತ ಕೇಳುವವರಿಲ್ಲ. ಯಂತ್ರವನ್ನು ಬೈದು ಫಲವಿಲ್ಲ, ಒಂದೇ ಪದ ಹಾಕಿ ಕೇಳಿದ್ದು ನಾವು. ಪೂರ್ತಿ ವಾಕ್ಯ ಕೊಟ್ಟು, ಇದು ಮೆಕ್ಸಿಕೋದವರಿಗೆ ಎಂದು ಹೇಳಿ ಕೇಳಿದರೆ ಅದೂ ಸುಧಾರಿಸುತ್ತದೆ. ಕೇಳಲು ಗೊತ್ತಿರಬೇಕು.

‘ಆದರೆ ಒಂದು ಭಾಷೆಗೆ ಒಂದು ಪ್ರಮಾಣ ಬೇಡವೇ?’ ಎಂದು ಹಿರಿಯ ಮಿತ್ರರೊಬ್ಬರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸ್ಪಾನಿಷ್‌ನವರು ಇದರ ಜೊತೆ ಮುನ್ನೂರು ವರ್ಷ ಗುದ್ದಾಡಿದ್ದಾರೆ. ಮ್ಯಾಡ್ರಿಡ್‌ನಲ್ಲಿ ರಾಯಲ್ ಅಕಾಡೆಮಿ ಸ್ಥಾಪನೆಯಾದದ್ದು 1713ರಲ್ಲಿ. ಭಾಷೆಯನ್ನು ಶುದ್ಧ ಮಾಡುವುದು, ಸ್ಥಿರ ಮಾಡುವುದು, ಹೊಳಪು ಕೊಡುವುದು ಅದರ ಧ್ಯೇಯ. ಪಾತ್ರೆ ತೊಳೆಯುವ ಸಾಬೂನಿನ ಜಾಹೀರಾತಿನ ಹಾಗಿದೆ ಎಂದು ಸ್ಪಾನಿಷ್‌ನವರೇ ತಮಾಷೆ ಮಾಡುತ್ತಾರೆ! ಬಹುಕಾಲ ರಾಜಧಾನಿಯಲ್ಲಿ ಆಡುವುದು ಭಾಷೆ, ಸಮುದ್ರದಾಚೆ ಆಡುವುದು ಅದರ ಕೆಟ್ಟ ರೂಪ ಎಂಬ ಭಾವನೆ ಗಟ್ಟಿಯಾಗಿತ್ತು.

ಅದಕ್ಕೆ ಎದುರು ನಿಂತವರಲ್ಲಿ ಒಬ್ಬರು ಆಂದ್ರೆಸ್ ಬೆಯ್ಯೊ. 1781ರಲ್ಲಿ ವೆನೆಜುವೆಲಾದ ಕರಾಕಸ್‌ನಲ್ಲಿ ಹುಟ್ಟಿ, ಚಿಲಿ ದೇಶಕ್ಕೆ ಹೋಗಿ ನೆಲೆಸಿ, ಅಲ್ಲಿಯ ವಿಶ್ವವಿದ್ಯಾಲಯದ ಮೊದಲ ಮುಖ್ಯಸ್ಥರಾದವರು. 1847ರಲ್ಲಿ ಅವರು ಒಂದು ಸ್ಪಾನಿಷ್ ವ್ಯಾಕರಣ ಬರೆದರು. ಇದು ಅಮೆರಿಕ ಖಂಡದವರ ಉಪಯೋಗಕ್ಕೆ ಎಂದು ಹೆಸರಿನಲ್ಲೇ ಹೇಳಿದರು. ಮುನ್ನುಡಿಯಲ್ಲಿ ಅವರ ವಾದದ ಸಾರ ಇಷ್ಟು: ಸ್ಪೇನ್‌ನ ಒಳಗಿನ ಅರಗೋನ್, ಆಂದಲೂಸಿಯಾ ಪ್ರಾಂತಗಳಿಗೆ ತಮ್ಮ ವ್ಯತ್ಯಾಸ ಇಟ್ಟುಕೊಳ್ಳಲು ಎಷ್ಟು ಹಕ್ಕುಂಟೋ ಚಿಲಿಗೂ ವೆನೆಜುವೆಲಾಕ್ಕೂ ಅಷ್ಟೇ ಹಕ್ಕುಂಟು. ಆದರೆ ಆ ಬಳಕೆ ಅಲ್ಲಿಯ ತಿಳಿದವರೆಲ್ಲ ಒಂದೇ ಸಮನೆ ನಡೆಸಿಕೊಂಡು ಬಂದ ನಿಜವಾದ ರೂಢಿಯಾಗಿರಬೇಕು. ಬೆಯ್ಯೊ ‘ಏನು ಬೇಕಾದರೂ ಆಡಿ’ ಎನ್ನುವವರಲ್ಲ. ಲ್ಯಾಟಿನ್ ಒಡೆದುಹೋದ ಹಾಗೆ ಸ್ಪಾನಿಷ್ ಕೂಡ ಒಡೆದು ಊರಿಗೊಂದು ಭಾಷೆ ಆದೀತು ಎಂಬ ಹೆದರಿಕೆ ಅವರಿಗಿತ್ತು. ಒಗ್ಗಟ್ಟೂ ಬೇಕು, ಊರಿನ ಮಾತಿಗೆ ಮರ್ಯಾದೆಯೂ ಬೇಕು. ಎರಡನ್ನೂ ಒಟ್ಟಿಗೆ ಹಿಡಿದ ಮೇಷ್ಟ್ರು ಅವರು.

ಮುಂದೆ ಅಕಾಡೆಮಿಯೂ ಬದಲಾಯಿತು. 1951ರಲ್ಲಿ ಮೆಕ್ಸಿಕೋದಲ್ಲಿ ಎಲ್ಲ ದೇಶಗಳ ಸ್ಪಾನಿಷ್ ಅಕಾಡೆಮಿಗಳ ಒಕ್ಕೂಟ ಹುಟ್ಟಿತು. 2010ರಲ್ಲಿ ಆ ಒಕ್ಕೂಟ ಅಮೆರಿಕ ಖಂಡದ ಸ್ಪಾನಿಷ್ ಪದಗಳಿಗೇ ಒಂದು ದೊಡ್ಡ ನಿಘಂಟು ತಂದಿತು. ಪದದ ಪಕ್ಕದಲ್ಲಿ ಅದು ಯಾವ ಯಾವ ದೇಶದ್ದು ಎಂಬ ಗುರುತು ಉಂಟು. ಇವತ್ತು ಅಕಾಡೆಮಿಯ ಮುಖ್ಯ ನಿಘಂಟು ತೆರೆದರೆ ಕಕವೇತೆ, ಕಕವಾತೆ, ಮನೀ ಮೂರೂ ಸಿಗುತ್ತವೆ. ಯಾವುದಕ್ಕೂ ಕೆಂಪು ಗೆರೆ ಇಲ್ಲ. ಸ್ಪಾನಿಷ್ ಒಡೆದುಹೋಯಿತೇ? ಇಲ್ಲ. ಇಪ್ಪತ್ತು ದೇಶಗಳ ಆಡಳಿತ ಭಾಷೆಯಾಗಿ, ಸುಮಾರು 50 ಕೋಟಿ ಜನರ ಮನೆಮಾತಾಗಿ ಗಟ್ಟಿಯಾಗಿಯೇ ಇದೆ. ಅದರಲ್ಲಿ ಸ್ಪೇನ್ ದೇಶದವರು ಹತ್ತರಲ್ಲಿ ಒಂದು ಪಾಲು ಇದ್ದರೆ ಹೆಚ್ಚು.

ಇಷ್ಟು ದೂರ ಹೋದ ಮೇಲೆ ನಮ್ಮ ತರಗತಿಗೆ ಬರದೆ ಉಪಾಯವಿಲ್ಲ. ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಐದನೇ ಕ್ಲಾಸಿಗೆ ಪದಾರ್ಥದ ಪರೀಕ್ಷೆ ಮಾಡಿದ್ದೆ. ‘ಗ್ರೌಂಡ್‌ನಟ್’ ಎಂಬುದಕ್ಕೆ ಒಂದು ಮಗು ‘ನೆಲಗಡಲೆ’ ಎಂದು ಬರೆದಿತ್ತು. ನಾನು ಕೆಂಪು ಶಾಯಿಯಲ್ಲಿ ಹೊಡೆದು, ಪಕ್ಕದಲ್ಲಿ ‘ಕಡಲೆಕಾಯಿ’ ಎಂದು ಬರೆದು, ಅಂಕ ಕತ್ತರಿಸಿದ್ದೆ. ಅಷ್ಟೇ ಅಲ್ಲ, ‘ಇದು ಮಲಯಾಳದ ನಿಲಕ್ಕಡಲ, ಕನ್ನಡ ಬರೆ’ ಎಂದು ಗದರಿಸಿದ್ದೆ. ಮಗು ಏನೂ ಹೇಳಲಿಲ್ಲ. ಅದು ಮನೆಯಲ್ಲಿ ಅಜ್ಜಿಯ ಬಾಯಿಂದ ಕೇಳಿದ ಕನ್ನಡವನ್ನೇ ಬರೆದಿತ್ತು. ಗಡಿಯಲ್ಲಿ ಕುಳಿತ ನಮಗೆ ಒಂದು ರೋಗ ಉಂಟು. ನಮ್ಮ ಬಾಯಿಯ ಪದ ಪಕ್ಕದ ಭಾಷೆಯ ಪದದ ಹಾಗೆ ಕೇಳಿದರೆ ಸಾಕು, ಇದು ಕಲಬೆರಕೆ ಎಂದು ನಾವೇ ನಾಚಿಕೊಳ್ಳುವುದು. ಕಾಸರಗೋಡಿನವನಿಗೆ ನೆಲಗಡಲೆ ಮಲಯಾಳ ಅನಿಸುತ್ತದೆ. ಅಕ್ಕಲಕೋಟೆ, ಜತ್ತದ ಕಡೆಯ ಮಗು ‘ಶೇಂಗಾ’ ಎಂದರೆ ಅದು ಮರಾಠಿ ಅಂತ ಯಾರೋ ಮೂಗು ಮುರಿಯುತ್ತಾರೆ. ಧಾರವಾಡ, ವಿಜಯಪುರದ ಮನೆಮನೆಯಲ್ಲೂ ಅದೇ ಪದ ಎಂಬುದು ಆಗ ನೆನಪಿಗೆ ಬರುವುದಿಲ್ಲ!

ನಿಜ ಏನು? ಕನ್ನಡದ ನೆಲಗಡಲೆ, ಮಲಯಾಳದ ನಿಲಕ್ಕಡಲ, ತಮಿಳಿನ ನಿಲಕ್ಕಡಲೈ ಎಲ್ಲವೂ ಒಂದೇ ಬುದ್ಧಿಯಿಂದ ಹುಟ್ಟಿದ ಹೆಸರುಗಳು. ತೆಲುಗಿನವರು ಬೇರನ್ನು ನೋಡಿ ‘ವೇರುಶೆನಗ’ ಎಂದರು. ಇಂಗ್ಲಿಷ್‌ನ ‘ಗ್ರೌಂಡ್‌ನಟ್’ ಕೂಡ ನೆಲದ ಬೀಜವೇ. ಸಾವಿರಾರು ಮೈಲು ಆಚೆ ನಾವಾತ್ಲ್ ಜನ ನೆಲದ ಕೊಕ್ಕೋ ಎಂದದ್ದೂ ಅದನ್ನೇ. ನೆಲದೊಳಗೆ ಕಾಯಿ ಬಿಡುವ ಗಿಡವನ್ನು ಕಣ್ಣು ಬಿಟ್ಟು ನೋಡಿದವರಿಗೆಲ್ಲ ಆ ಹೆಸರೇ ಹೊಳೆಯುತ್ತದೆ. ನಾನು ಹೊಡೆದುಹಾಕಿದ್ದು ಕನ್ನಡದ ತಪ್ಪನ್ನಲ್ಲ, ಕಣ್ಣು ಬಿಟ್ಟು ನೋಡಿದವರ ಪದವನ್ನು. ಮೇಲಾಗಿ ನಾನು ತಿದ್ದಿ ಬರೆದ ‘ಕಡಲೆಕಾಯಿ’ಯಿಂದ ನಮ್ಮ ಊರಿನ ಮಗುವಿಗೆ ಗೊಂದಲವೇ ಜಾಸ್ತಿ. ಇಲ್ಲಿ ಕಡಲೆ ಎಂದರೆ ಪುಟ್ಟಿನ ಜೊತೆ ತಿನ್ನುವ ಕಡಲೆ!

ಹಾಗೆಂದು ‘ಕಡಲೆಕಾಯಿ’ ಕಲಿಸಬೇಡಿ ಎನ್ನುತ್ತಿಲ್ಲ. ಖಂಡಿತ ಕಲಿಸಬೇಕು. ನಾಳೆ ಆ ಮಗು ಬೆಂಗಳೂರಿಗೆ ಹೋಗುತ್ತದೆ, ಬಸವನಗುಡಿಯ ಕಡಲೆಕಾಯಿ ಪರಿಷೆ ನೋಡುತ್ತದೆ, ಅಲ್ಲಿಯ ಪುಸ್ತಕ ಓದುತ್ತದೆ. ಹುಬ್ಬಳ್ಳಿಗೆ ಹೋದರೆ ಶೇಂಗಾ ಹೋಳಿಗೆ ತಿನ್ನುತ್ತದೆ. ಮೂರೂ ಗೊತ್ತಿರಲಿ. ಒಂದು ಪದಕ್ಕೆ ಇನ್ನೊಂದನ್ನು ಸೇರಿಸುವುದು ಪಾಠ. ಒಂದನ್ನು ಹೊಡೆದು ಇನ್ನೊಂದನ್ನು ಕೂರಿಸುವುದು ಪಾಠವಲ್ಲ. ಕಿಟೆಲ್ ಸಾಹೇಬರು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ನಿಘಂಟಿನಲ್ಲೇ ಎಷ್ಟೋ ಪದಗಳ ಪಕ್ಕ ಇದು ಯಾವ ಸೀಮೆಯ ಮಾತು ಎಂದು ಗುರುತು ಹಾಕಿದ್ದಾರೆ. ಜರ್ಮನಿಯಿಂದ ಬಂದ ಪಾದ್ರಿಗೆ ಇದ್ದ ತಾಳ್ಮೆ ಇಲ್ಲೇ ಹುಟ್ಟಿದ ನಮಗೆ ಬೇಡವೇ?

ಆದ್ದರಿಂದ ಯಾವ ಭಾಷೆಯಿಂದ ಯಾವ ಭಾಷೆಗೆ ಪದ ಹುಡುಕುವಾಗಲೂ ಮಕ್ಕಳಿಗೆ ಈ ನಾಲ್ಕು ಪ್ರಶ್ನೆ ಕಲಿಸಿ ಎಂದು ನನ್ನ ವಿನಂತಿ.

ಒಂದು, ಯಾವ ವಸ್ತು? ನೀರಿನ ಮೀನೋ ಬಟ್ಟಲಿನ ಮೀನೋ, ಭತ್ತವೋ ಅನ್ನವೋ ಅಂತ ಮೊದಲು ವಸ್ತುವನ್ನು ನೋಡಿ, ಆಮೇಲೆ ಪದ.

ಎರಡು, ಯಾರಿಗೆ ಹೇಳುವುದು? ಮೆಕ್ಸಿಕೋದವರಿಗೋ ಅರ್ಜೆಂಟೀನಾದವರಿಗೋ? ನಮ್ಮ ಊರಿನ ಅಜ್ಜಿಗೋ ಮೈಸೂರಿನ ಓದುಗರಿಗೋ?

ಮೂರು, ತಪ್ಪಿದರೆ ಏನು ನಷ್ಟ? ಬರೀ ನಗೆಯಾಡುತ್ತಾರೋ, ವ್ರತ ಕೆಡುತ್ತದೋ, ಜೀವ ಹೋಗುತ್ತದೋ?

ನಾಲ್ಕು, ಕೇಳುವವರು ಹಲವು ಊರಿನವರಾದರೆ? ಆಗ ಜಂಬ ಬಿಟ್ಟು ಎರಡೂ ಪದ ಬರೆಯಿರಿ. ಒಂದು ಚಿತ್ರ ಹಾಕಿದರೂ ಅವಮಾನವಿಲ್ಲ.

ಪದಾರ್ಥದ ಪಟ್ಟಿ ಪೂರ್ತಿ ಬಿಡಲಿಕ್ಕಾಗದು, ಪರೀಕ್ಷೆ ಉಂಟಲ್ಲ. ಆದರೆ ಬಲಗಡೆಯ ಜಾಗ ಸ್ವಲ್ಪ ಅಗಲ ಮಾಡಬಹುದು. ನಾನು ಈಗ ಮಕ್ಕಳ ಪುಸ್ತಕದಲ್ಲಿ ಮೂರನೆಯ ಕಂಬ ಒಂದು ಹಾಕಿಸುತ್ತೇನೆ: ‘ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಅದು ತುಂಬಿದಷ್ಟು ಬೇಗ ಬೇರೆ ಯಾವ ಕಂಬವೂ ತುಂಬುವುದಿಲ್ಲ. ತುಳುವಿನವರು, ಹವ್ಯಕರು, ಮರಾಟಿಗರು, ಕೊಂಕಣಿಯವರು, ಬ್ಯಾರಿಗಳು ಎಲ್ಲರೂ ಬಾಯಿ ಬಿಡುತ್ತಾರೆ. ಇಡೀ ವರ್ಷ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರುವ ಮಗುವೂ ಆ ಹೊತ್ತಿಗೆ ಕೈ ಎತ್ತುತ್ತದೆ. ಕನ್ನಡ ಮಾಧ್ಯಮಕ್ಕೆ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂದು ಸಭೆಯಲ್ಲಿ ಮರುಗುತ್ತೇವೆ. ಬಂದ ಮಗುವಿನ ಕನ್ನಡವನ್ನೇ ಕನ್ನಡವಲ್ಲ ಎಂದು ಹೊಡೆದುಹಾಕಿದರೆ ಅದು ಯಾವ ಧೈರ್ಯದಲ್ಲಿ ಇಲ್ಲಿ ಉಳಿಯಬೇಕು ಹೇಳಿ?

ಹುಡುಗನಿಗೆ ನಾನು ಹೇಳಿದ್ದು ಇಷ್ಟು. “ಒಂದೇ ಪದ ಇಲ್ಲ ಮಾರಾಯ. ಮನೀ, ಕಕವಾತೆ ಎರಡೂ ಬರೆ. ಸ್ಪೇನ್‌ನವರು ಇದ್ದರೆ ಕಕವೇತೆಯೂ ಇರಲಿ. ಮಾಸಪಾನ್ ಇದ್ದರೆ ಯಾವುದರಿಂದ ಮಾಡಿದ್ದು ಅಂತ ಕೇಳಿಯೇ ಇಡು. ಪಕ್ಕದಲ್ಲಿ ಒಂದು ನೆಲಗಡಲೆಯ ಚಿತ್ರ ಬಿಡಿಸು. ನೀನು ಚಿತ್ರದಲ್ಲಿ ಹುಷಾರಿದ್ದಿಯಲ್ಲ.”

ಮರುದಿನ ಬೋರ್ಡಿನ ಫೋಟೋ ಕಳಿಸಿದ್ದ. ಮೂರು ಸ್ಪಾನಿಷ್ ಪದ, ಒಂದು ಇಂಗ್ಲಿಷ್ ಪದ, ಸೊಂಟ ಇರುವ ಒಂದು ಕಾಯಿಯ ಚಿತ್ರ. ಕೆಳಗೆ ಮೂಲೆಯಲ್ಲಿ ಸಣ್ಣದಾಗಿ ಕನ್ನಡದಲ್ಲಿ ‘ನೆಲಗಡಲೆ’ ಎಂದೂ ಬರೆದಿದ್ದ. “ಅಲ್ಲಿ ಕನ್ನಡ ಯಾರು ಓದ್ತಾರೆ?” ಎಂದು ಕೇಳಿದೆ. “ಕುಂದಾಪುರದವನು ಒಬ್ಬ ಇದ್ದಾನೆ ಮಾಷ್ಟ್ರೇ” ಎಂದ.

ಆ ಬೋರ್ಡಿಗೆ ಹತ್ತಕ್ಕೆ ಹತ್ತು ಕೊಟ್ಟೆ. ಇನ್ನು ಈ ಉತ್ತರಪತ್ರಿಕೆಗಳ ಕಟ್ಟು ಉಳಿದಿದೆ. ಮಾಷ್ಟ್ರುಗಳೇ, ಟೀಚರುಗಳೇ, ನಿಮ್ಮ ಮೇಜಿನ ಮೇಲೂ ಇರಬಹುದು. ಗೊತ್ತಿಲ್ಲದ ಪದ ಕಂಡರೆ ಹೊಡೆಯುವ ಮೊದಲು ಆ ಮಗುವನ್ನು ಕರೆದು ಕೇಳಿ: ಇದು ಯಾರು ಹೇಳುವ ಮಾತು ಮಗಾ?